ಪಕ್ಕದ ಸೀಟಿನ ಕಾಲುಗಳು

ಹೊಳೆ ದಂಡೆಯ ಆ ಆಶ್ರಮದಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಬರುತ್ತಿದ್ದುದು ಕ್ಲಚ್ಚಿನ ಹೆಸರು.

ಅದಕ್ಕೆ ಕಾರಣ ಕಾಂತರಾಜು. ಆಶ್ರಮದ ಹಿಂದಿನ ಬಯಲಿನಲ್ಲಿ ಅವನು ಜನರಿಗೆ ಕಾರು ಕಲಿಸುತ್ತಿದ್ದ. ಬೆಳಗಿನ ಪೂಜೆಯ ಗಂಟೆ ನಿಲ್ಲುವ ಮೊದಲೇ ಅವನ ಗಂಟಲು ಶುರುವಾಗುತ್ತಿತ್ತು. ಕ್ಲಚ್ಚು ಒತ್ತಿ, ಮೆಲ್ಲಗೆ ಬಿಡಿ, ಮೆಲ್ಲಗೆ ಅಂದರೆ ಏನು ಗೊತ್ತಿಲ್ಲವೇ ನಿಮಗೆ, ಎಂದು.

ಹಿಂದೊಮ್ಮೆ ಅವನು ಸನ್ಯಾಸಿಯಾಗಬೇಕೆಂದು ಇಲ್ಲಿಗೆ ಬಂದವನು. ಗುರುಗಳಾದ ನಿರಂಜನಯ್ಯನವರು ಪೂರ್ವಾಶ್ರಮದಲ್ಲಿ ಲಾರಿ ಓಡಿಸಿದವರು. ಅವರು ಅವನನ್ನು ಕೆಲವು ಕಾಲ ಜಪಕ್ಕೆ ಕೂರಿಸಿ ನೋಡಿದರು. ಕೂತಲ್ಲೇ ನಿದ್ದೆ ಹೋದ. ಆಶ್ರಮದ ಜೀಪಿನಲ್ಲಿ ಕೂರಿಸಿ ನೋಡಿದರು. ಎಚ್ಚರವಾದ.

ನಿನ್ನ ದಾರಿ ನಿನಗೆ ಸಿಕ್ಕಿತು, ಇನ್ನು ಜಪಮಣಿ ಕೊಟ್ಟುಬಿಡು ಎಂದು ಹೇಳಿ, ಕಲಿಸಲು ಹಿಂದಿನ ಬಯಲನ್ನು ಬಿಟ್ಟುಕೊಟ್ಟರು.

ನಿರಂಜನಯ್ಯನವರನ್ನು ಶಾಂತಮೂರ್ತಿ ಎಂದು ಯಾರೂ ಕರೆದವರಲ್ಲ. ಪ್ರಸಾದಕ್ಕೆ ಉಪ್ಪು ಹೆಚ್ಚಾದರೆ ಅಡುಗೆಯವರಿಗೂ ಬೈಯುತ್ತಿದ್ದರು, ಉಪ್ಪಿಗೂ ಬೈಯುತ್ತಿದ್ದರು. ದೂರದಿಂದ ಜ್ಞಾನ ಕೇಳಲು ಬಂದವರು ಎಷ್ಟೋ ಸಲ ಬೈಗುಳ ಕೇಳಿಕೊಂಡು ಹೋಗಿದ್ದರು. ಕೆಲವರು ಅದೇ ಜ್ಞಾನ ಎಂದು ತಿಳಿದರು.

ಕಾಂತರಾಜುವಿನ ಕಾರಿನಲ್ಲಿ, ಕಲಿಸುವ ಎಲ್ಲ ಕಾರುಗಳಲ್ಲಿ ಇರುವಂತೆ, ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಆ ಕಡೆ ಒತ್ತಿದರೆ ಈ ಕಡೆಯದೂ ತಾನಾಗಿ ಕೆಳಗಿಳಿಯುತ್ತಿತ್ತು. ಕಲಿಯುವವರು ತಪ್ಪಿದರೆ ಕಾಂತರಾಜುವಿನ ಬಾಯಿಗಿಂತ ಮೊದಲು ಕಾಲು ಓಡುತ್ತಿತ್ತು.

ಅವನ ಬಳಿ ಕಲಿತವರು ಲೈಸೆನ್ಸು ಪರೀಕ್ಷೆಯಲ್ಲಿ ಸೋಲುವುದು ಅಪರೂಪವಾಗಿತ್ತು. ಪರೀಕ್ಷೆಯ ದಿನವೂ ಅವನು ಪಕ್ಕದಲ್ಲೇ ಕೂರುತ್ತಿದ್ದ. ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು.

ಆ ವರ್ಷ ಮಳೆಗಾಲದ ಕೊನೆಗೆ ಆ ಇನ್‌ಸ್ಪೆಕ್ಟರಿಗೆ ವರ್ಗವಾಯಿತು.

ಹೊಸದಾಗಿ ಬಂದವರು ಕಡಿಮೆ ಮಾತಿನ ಹೆಂಗಸು. ಮೊದಲ ದಿನವೇ ಕಾರಿನ ಬಾಗಿಲು ತೆಗೆದು, ಕಲಿಸುವವರು ಇಳಿದು ಮೈದಾನದ ಹಗ್ಗದ ಆಚೆ ನಿಲ್ಲಲಿ, ಕಲಿತವರು ಮಾತ್ರ ಒಳಗಿರಲಿ ಎಂದರು.

ಅಂದು ಕಾಂತರಾಜು ಕರೆದುಕೊಂಡು ಹೋದವರಲ್ಲಿ ಒಬ್ಬರೂ ಪಾಸಾಗಲಿಲ್ಲ.

ಎಲ್ಲರಿಗಿಂತ ಕೆಟ್ಟದಾಗಿ ಸೋತವಳು ಕೆಂಪಾಜಮ್ಮ.

ಕೆಂಪಾಜಮ್ಮ ಪಕ್ಕದೂರಿನ ಪಂಚಾಯಿತಿಯಲ್ಲಿ ಕಸ ಎತ್ತುವವಳು. ತಳ್ಳುಗಾಡಿ ತಳ್ಳಿ ತಳ್ಳಿ ಬಲಗಡೆಯ ಭುಜ ಹಿಡಿದುಹೋಗಿತ್ತು, ತಲೆ ಬಾಚಿಕೊಳ್ಳಲು ಕೈ ಮೇಲೆತ್ತಲಾಗುತ್ತಿರಲಿಲ್ಲ. ಪಂಚಾಯಿತಿಗೆ ಕಸದ ಮೋಟಾರು ಗಾಡಿ ಬಂದು ನಿಂತಿತ್ತು. ಕಸ ಎತ್ತುವ ಹೆಂಗಸರಲ್ಲಿ ಯಾರು ಲೈಸೆನ್ಸು ತರುತ್ತಾರೋ ಗಾಡಿ ಅವರ ಕೈಗೆ, ದಸರೆಯೊಳಗೆ ಯಾರೂ ತರದಿದ್ದರೆ ಹೊರಗಿನಿಂದ ಡ್ರೈವರನ್ನು ಕರೆಸುವುದು ಎಂದು ಮಾತಾಗಿತ್ತು. ಉಳಿದವರು ಹೆದರಿ ಹಿಂದೆ ಸರಿದರು. ಇವಳು ಸೆರಗು ಬಿಗಿದುಕೊಂಡು ಬಯಲಿಗೆ ಬಂದಳು.

ಪರೀಕ್ಷೆಯ ಮೈದಾನದಲ್ಲಿ ಒಂದು ಏರು ಇತ್ತು. ಏರಿನ ನಡುವೆ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಮೇಲಕ್ಕೆ ಹತ್ತಿಸಬೇಕು. ಬಯಲಿನಲ್ಲಿ ಹೊಳೆಯಿಂದ ಮೇಲೆ ಬರುವ ಇಳಿಜಾರಿನಲ್ಲಿ ಕೆಂಪಾಜಮ್ಮ ಅದನ್ನು ಹೂವಿನಂತೆ ಮಾಡಿ ತೋರಿಸುತ್ತಿದ್ದಳು.

ಅಂದು ಅವಳು ಕಾಲು ಸಡಿಲಿಸಿದಳು. ಕಾರು ಹಿಂದಕ್ಕೆ ಜಾರಿತು. ಹಿಂದೆ ಇಟ್ಟಿದ್ದ ಡ್ರಮ್ಮನ್ನು ಉರುಳಿಸಿತು. ಅವಳು ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದುಕೊಂಡು, ಹಗ್ಗದಾಚೆ ನಿಂತಿದ್ದ ಕಾಂತರಾಜುವಿನ ಕಡೆ ನೋಡುತ್ತ ಕೂತುಬಿಟ್ಟಳು.

ಕಾಂತರಾಜುವಿಗೆ ಮೈಯೆಲ್ಲ ಉರಿಯಿತು. ಇಷ್ಟು ತಿಂಗಳು ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎನಿಸಿತು. ಕಾಯುತ್ತಿದ್ದ ಜನರ ಎದುರಿಗೇ ಬಾಯಿ ಬಿಟ್ಟ.

"ನಿನ್ನ ಕೈಗೆ ಪೊರಕೆಯೇ ಸರಿ. ನನ್ನ ಆಯಸ್ಸು ಯಾಕೆ ತಿಂದೆ?"

ಕೆಂಪಾಜಮ್ಮ ಕಾರಿನಿಂದ ಇಳಿದಳು. ಹೋಗಿ, ಉರುಳಿದ ಡ್ರಮ್ಮನ್ನು ಎಡಗೈಯಲ್ಲಿ ಎತ್ತಿ ನಿಲ್ಲಿಸಿ ಬಂದಳು.

ಸಂಜೆ ಕಾಂತರಾಜು ಗುರುಗಳ ಬಳಿ ಹೋದ. ಅವರು ಹಿತ್ತಲಲ್ಲಿ ಕೂತು ಅನ್ನದ ಹಂಡೆ ಉಜ್ಜುತ್ತಿದ್ದರು. ತಳ ಹಿಡಿದಿತ್ತು, ಮುಖ ಗಂಟಾಗಿತ್ತು.

ಅವನು ನಡೆದದ್ದನ್ನೆಲ್ಲ ಹೇಳಿಕೊಂಡ. ಹೊಸ ಇನ್‌ಸ್ಪೆಕ್ಟರಿಗೆ ಕರುಣೆ ಇಲ್ಲ, ಈಗಿನ ಜನಕ್ಕೆ ಗಮನ ಇಲ್ಲ, ತಾನು ಈ ಕೆಲಸವನ್ನೇ ಬಿಡುವವನಿದ್ದೇನೆ ಎಂದ. ಅದರಲ್ಲೂ ಆ ಕೆಂಪಾಜಮ್ಮನಿಗೆ ಬ್ರಹ್ಮ ಬಂದರೂ ಕಲಿಸಲಾರ ಎಂದ.

ಗುರುಗಳು ತಲೆ ಎತ್ತದೆ ಕೇಳಿದರು. "ಅವಳು ಯಾವಾಗಿನಿಂದ ಕಾರು ಓಡಿಸುತ್ತಿದ್ದಾಳೆ?"

"ಯುಗಾದಿ ಕಳೆದಾಗಿನಿಂದ, ಅಯ್ಯನವರೇ."

"ಸುಳ್ಳು."

"ಒಂದು ದಿನ ತಪ್ಪಿಸಿಲ್ಲ. ದಿನಾ ಬಂದಿದ್ದಾಳೆ. ನೀವೇ ನೋಡಿದ್ದೀರಲ್ಲ."

"ಬಂದದ್ದು ನೋಡಿದ್ದೇನೆ. ಓಡಿಸಿದ್ದು ಯಾವಾಗ?"

ಕಾಂತರಾಜುವಿಗೆ ಅರ್ಥವಾಗಲಿಲ್ಲ. ಅಯ್ಯನವರಿಗೆ ವಯಸ್ಸಾಯಿತು ಎಂದುಕೊಂಡ. ಬಿಡಿಸಿ ಹೇಳಿ ಎಂದು ಕೇಳಿದ.

ಬಿಡಿಸಿ ಹೇಳಲು ತಾನೇನು ಹಲಸಿನ ಹಣ್ಣು ಮಾರುತ್ತಿಲ್ಲ ಎಂದು ಗುರುಗಳು ರೇಗಿದರು. ನಾಳೆ ಬೆಳಿಗ್ಗೆ ಆ ಹೆಂಗಸನ್ನು ಕರೆದುಕೊಂಡು ಬಾ ಎಂದು ಹೇಳಿ ಮತ್ತೆ ಹಂಡೆಗೆ ತಿರುಗಿದರು.

ಕೆಂಪಾಜಮ್ಮ ಬರುವುದಿಲ್ಲ ಅಂದಳು. ಕಾಂತರಾಜು ಅವಳ ಊರಿಗೆ ಹೋಗಿ, ಗುರುಗಳು ಕರೆದಿದ್ದಾರೆ, ನಾನಲ್ಲ ಎಂದು ಹೇಳಬೇಕಾಯಿತು. ಗುರುಗಳಾದರೆ ಬರುತ್ತೇನೆ ಎಂದು ಬಂದಳು. ಕಾರಿನ ಹತ್ತಿರ ನಿಂತಾಗ ಕಾಂತರಾಜುವಿನ ಮುಖ ನೋಡಲಿಲ್ಲ.

ನಿರಂಜನಯ್ಯನವರು ಅವಳನ್ನು ಸ್ಟೀರಿಂಗಿನ ಮುಂದೆ ಕೂರಿಸಿದರು. ಕಾಂತರಾಜುವನ್ನು ಹಿಂದಿನ ಸೀಟಿಗೆ ಕಳಿಸಿದರು. ತಾವು ಪಕ್ಕದ ಸೀಟಿಗೆ ಹತ್ತಿ, ಕಾವಿ ಸರಿಮಾಡಿಕೊಂಡು, ಎರಡೂ ಕಾಲನ್ನು ಮೇಲೆತ್ತಿ ಪದ್ಮಾಸನ ಹಾಕಿ ಕೂತರು.

"ಅಯ್ಯನವರೇ, ಕಾಲು ಕೆಳಗಿಡಿ," ಎಂದ ಕಾಂತರಾಜು. "ಬ್ರೇಕು ಕೆಳಗಿದೆ."

"ಅದಕ್ಕೇ ಮೇಲಿಟ್ಟಿದ್ದೇನೆ," ಎಂದರು ಗುರುಗಳು. "ನಡಿಯಮ್ಮ."

ಕಾರು ಕಪ್ಪೆಯಂತೆ ಒಮ್ಮೆ ನೆಗೆದು ನಿಂತಿತು. ಮತ್ತೆ ಶುರುಮಾಡಿದಳು. ಮತ್ತೆ ನೆಗೆಯಿತು, ನಿಂತಿತು.

ಹಿಂದಿನಿಂದ ಕಾಂತರಾಜು ಕ್ಲಚ್ಚು, ಕ್ಲಚ್ಚು ಎನ್ನತೊಡಗಿದ. ಹಿಂದೆ ಯಾರೋ ಮಂತ್ರ ಹೇಳುತ್ತಿದ್ದಾರೆ, ಅವರನ್ನು ಸುಮ್ಮನಿರಿಸಬೇಕು ಎಂದು ಗುರುಗಳು ಕೆಂಪಾಜಮ್ಮನಿಗೆ ಹೇಳಿದರು. ಅವನು ಬಾಯಿ ಮುಚ್ಚಿದ. ಆದರೆ ಕಾರು ಸ್ವಲ್ಪ ಓಡುತ್ತಲೇ ಅವನ ಕಾಲುಗಳು ನೆಲವನ್ನು ತುಳಿಯತೊಡಗಿದವು. ಧಪ್, ಧಪ್ ಎಂದು ಸದ್ದಾಗುತ್ತಿತ್ತು. ಅಲ್ಲಿ ಪೆಡಲೇ ಇರಲಿಲ್ಲ. ಕಾಲಿಗೆ ಅದು ಗೊತ್ತಾಗಲಿಲ್ಲ.

ಗುರುಗಳು ಕಾರು ನಿಲ್ಲಿಸಲು ಹೇಳಿ ಅವನನ್ನು ಇಳಿಸಿದರು.

ಬಯಲಿನ ನಡುವೆ ನಿಂತು ಕಾಂತರಾಜು ತನ್ನ ಕಾರು ತನ್ನನ್ನು ಬಿಟ್ಟು ಹೋಗುವುದನ್ನು ನೋಡಿದ. ಅದು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಕುಂಟುತ್ತ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಕೊಟ್ಟಿಗೆಯ ಕಡೆಗೆ ನೇರವಾಗಿ ಹೋಯಿತು. ಅವನು ಕೂಗುತ್ತ ಓಡಿದ. ಓಡುತ್ತ ಓಡುತ್ತಲೂ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದುದರಿಂದ ಎಡವಿ ಬಿದ್ದ.

ಕಾರು ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು.

ಬಾಗಿಲು ತೆರೆಯಿತು. ಗುರುಗಳು ಗಡ್ಡದಿಂದ ಹುಲ್ಲು ತೆಗೆಯುತ್ತ ಇಳಿದರು. ಕೆಂಪಾಜಮ್ಮ ಇನ್ನೂ ಸ್ಟೀರಿಂಗು ಹಿಡಿದೇ ಕೂತಿದ್ದಳು.

"ಬ್ರೇಕು ಎಲ್ಲಿದೆ ಅಂತ ಗೊತ್ತಾಯಿತೇನಮ್ಮ?"

"ಈಗ ಗೊತ್ತಾಯ್ತು ಸ್ವಾಮಿ," ಎಂದಳು ಅವಳು.

ಕಾಂತರಾಜು ಮೈಕೈ ಧೂಳು ಮಾಡಿಕೊಂಡು ಬಂದ. ಇಷ್ಟು ಸಿಟ್ಟು ಅವನಿಗೆ ಗುರುಗಳ ಮೇಲೆ ಎಂದೂ ಬಂದಿರಲಿಲ್ಲ. ಮೆದೆ ಇಲ್ಲದಿದ್ದರೆ ಏನಾಗುತ್ತಿತ್ತು, ಅವಳಿಗೆ ಪೆಟ್ಟಾಗಿದ್ದರೆ ಯಾರು ಹೊಣೆ, ಇದು ಕಲಿಸುವ ರೀತಿಯೇ ಎಂದು ಕೇಳಿದ. ತಾನು ಪಕ್ಕದಲ್ಲಿದ್ದಾಗ ಇವಳು ಇಷ್ಟು ದಿನ ಒಂದು ಹುಲ್ಲುಕಡ್ಡಿಗೂ ತಾಗಿಸಿದವಳಲ್ಲ ಎಂದ.

ಗುರುಗಳು ಹಣೆ ಚಚ್ಚಿಕೊಂಡರು. ಅವನಿಗೆ ಉತ್ತರ ಕೊಟ್ಟವಳು ಕೆಂಪಾಜಮ್ಮ. ಅಷ್ಟು ಹೊತ್ತು ಅವನೊಡನೆ ಮಾತಾಡದಿದ್ದವಳು ಈಗ ನೇರವಾಗಿ ನೋಡಿ ಹೇಳಿದಳು.

"ನಿಮ್ಮ ಪಕ್ಕ ಕೂತಾಗ ಪೆಡಲು ನನ್ನ ಕಾಲಡಿಯಲ್ಲಿ ತಾನಾಗೇ ಕೆಳಕ್ಕೆ ಹೋಗ್ತಿತ್ತು ಸಾರ್. ಒತ್ತಿದ್ದು ನಾನೋ ನೀವೋ ಗೊತ್ತಾಗ್ತಿರಲಿಲ್ಲ. ನಾನೇ ಅಂದ್ಕೊಂಡಿದ್ದೆ. ಇವತ್ತು ಚೆನ್ನಾಗಿ ಓಡಿಸಿದೆ ಅಂತ ಮನೆಗೆ ಹೋಗಿ ಮಕ್ಕಳಿಗೆ ಹೇಳ್ತಿದ್ದೆ."

ಕಾಂತರಾಜು ಕಾರಿನ ಕಡೆ ನಡೆದ.

ಅವನು ಕಾರಿನ ಬಾಗಿಲು ತೆಗೆದು ಪಕ್ಕದ ಸೀಟಿನ ಕೆಳಗಿನ ಪೆಡಲುಗಳನ್ನು ನೋಡಿದ. ಅವುಗಳ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು. ಡ್ರೈವರಿನ ಕಡೆಯ ಪೆಡಲುಗಳು ಇನ್ನೂ ಹೊಸದರಂತೆ ಇದ್ದವು.

"ಹಾಗಾದರೆ ನಾನು ಏನು ಮಾಡಬೇಕು?" ಎಂದು ಕೇಳಿದ. ಈ ಸಲ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಕಾಲು ಮಡಚಿ ಕೂತುಕೋ," ಎಂದರು ಗುರುಗಳು.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಕಾಂತರಾಜುವಿಗೆ ಹೊಟ್ಟೆ ಬಂದಿತ್ತು. ಪದ್ಮಾಸನ ಹಾಕಿ ಎಷ್ಟೋ ವರ್ಷವಾಗಿತ್ತು. ಒಂದು ಕಾಲು ಮಡಚಿದರೆ ಇನ್ನೊಂದು ಜಾರುತ್ತಿತ್ತು. ಕಷ್ಟಪಟ್ಟು ಎರಡನ್ನೂ ಮಡಚಿ ಕೂತರೆ, ಕೆಂಪಾಜಮ್ಮ ಗೇರು ಹಾಕುವಾಗ ಗರ್ ಎಂದು ಸದ್ದಾದ ಕೂಡಲೇ ಕಾಲು ಪುಟಿದು ಕೆಳಗೆ ಹೋಗುತ್ತಿತ್ತು.

ಗುರುಗಳು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕಾಲು ಇಳಿದದ್ದು ಅಷ್ಟು ದೂರದಿಂದ ಹೇಗೆ ಕಾಣುತ್ತಿತ್ತೋ, ಪ್ರತಿ ಸಲವೂ ಅವರ ಕೂಗು ಬರುತ್ತಿತ್ತು. ಆಶ್ರಮದ ಹಸುಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು.

ದಿನಗಳು ಹೋದವು. ಕಾರಿನ ಮುಂಭಾಗ ಅಲ್ಲಲ್ಲಿ ಜಜ್ಜಿಹೋಯಿತು. ಬಟ್ಟೆ ಒಣಗಿಸುವ ಕಂಬವೊಂದು ಬಿತ್ತು. ಅದನ್ನು ಕೆಂಪಾಜಮ್ಮನೇ ನೆಟ್ಟಳು, ಮರುದಿನ ಅವಳೇ ಮತ್ತೆ ಬೀಳಿಸಿದಳು. ಕಾಂತರಾಜು ಟವೆಲನ್ನು ಬಾಯಲ್ಲಿ ಕಚ್ಚಿಕೊಂಡು ಕೂರುತ್ತಿದ್ದ. ಸಂಜೆ ಇಳಿದು ನಿಂತರೆ ಮಂಡಿ ನೆಟ್ಟಗಾಗುತ್ತಿರಲಿಲ್ಲ.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಕಟ್ಟೆಯ ಬಳಿ ಹೋಗಿ, ಅವಳು ತಪ್ಪು ಮಾಡುವುದು ಕಣ್ಣಿಗೆ ಕಾಣುತ್ತಿರುವಾಗ ಸುಮ್ಮನೆ ಕೂರುವುದು ಪಾಪವಲ್ಲವೇ ಎಂದು ಕೇಳಿದ.

"ಹೊಳೆಗೆ ಹೋಗುತ್ತಿದ್ದರೆ ಒತ್ತು," ಎಂದರು ಗುರುಗಳು. "ಕಂಬಕ್ಕೆ ಹೋಗುತ್ತಿದ್ದರೆ ಬಿಡು."

"ಎರಡರ ನಡುವೆ ಹೋಗುತ್ತಿದ್ದರೆ?"

ಗುರುಗಳು ಅವನನ್ನೇ ನೋಡಿದರು. ಇಂಥವನನ್ನು ಯಾವ ಜನ್ಮದ ಕರ್ಮಕ್ಕೆ ಶಿಷ್ಯನಾಗಿ ಪಡೆದೆ ಎಂದು ಯೋಚಿಸುವವರಂತೆ ಕಂಡರು. ಆಮೇಲೆ ಎದ್ದು ಹಸುವಿಗೆ ನೀರಿಡಲು ಹೋದರು.

ಹೊಳೆಯಿಂದ ಮೇಲೆ ಬರುವ ಇಳಿಜಾರಿನಲ್ಲಿ ಕೆಂಪಾಜಮ್ಮ ಅಂದು ಸಂಜೆಯೂ ಹಿಂದಕ್ಕೆ ಜಾರಿದಳು. ಹ್ಯಾಂಡ್ ಬ್ರೇಕು ಎಳೆದಳು, ನಿಂತಿತು. ಮತ್ತೆ ಪ್ರಯತ್ನಿಸಿದಳು, ಎಂಜಿನು ಆಫ್ ಆಯಿತು. ಕಾಂತರಾಜು ಕಿಟಕಿಯಾಚೆ ಹೊಳೆಯ ನೀರನ್ನು ನೋಡುತ್ತ ಕೂತ. ಹೇಳಬೇಕಾದುದನ್ನೆಲ್ಲ ಯಾವತ್ತೋ ಹೇಳಿ ಮುಗಿಸಿದ್ದ. ಈಗ ಅವನ ಬಳಿ ಮಾತೂ ಇರಲಿಲ್ಲ, ಕಾಲೂ ಇರಲಿಲ್ಲ.

ಅವಳು ಮತ್ತೊಮ್ಮೆ ಕ್ಲಚ್ಚನ್ನು ಮೆಲ್ಲಗೆ, ಬಲು ಮೆಲ್ಲಗೆ ಸಡಿಲಿಸಿದಳು. ಪೆಡಲು ಒಂದು ಮಟ್ಟಕ್ಕೆ ಬಂದಾಗ ಕಾರು ಸಣ್ಣಗೆ ಮೈ ನಡುಗಿಸಿತು. ಅವಳ ಕಾಲು ಅಲ್ಲೇ ನಿಂತಿತು. ಇಳಿಜಾರಿನ ನಡುವೆ ಕಾರು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಹಾಗೇ ತೂಗಿಕೊಂಡು ನಿಂತಿತು.

"ಇಲ್ಲಿ ಸಾರ್. ಇಲ್ಲಿ ಹಿಡ್ಕೊಳ್ಳುತ್ತೆ," ಎಂದಳು ಕೆಂಪಾಜಮ್ಮ. ಉಸಿರು ಬಿಗಿಹಿಡಿದಿದ್ದಳು. "ಹಾಲು ಕರೆಯುವಾಗ ಹಸು ಹಾಲು ಬಿಡೋ ಹೊತ್ತು ಬೆರಳಿಗೆ ಗೊತ್ತಾಗುತ್ತಲ್ಲ, ಹಂಗೇ ಇದೆ."

ಕಾಂತರಾಜು ವರ್ಷಗಟ್ಟಲೆ ಇದನ್ನು ಬಾಯಲ್ಲಿ ಹೇಳಿದ್ದ. ಹೀಗೆ ಯಾರೂ ಅವನಿಗೆ ತಿರುಗಿ ಹೇಳಿರಲಿಲ್ಲ.

ಕಾರು ಮೇಲೆ ಬಂದ ಮೇಲೆ ಅವನು ನಿಲ್ಲಿಸಲು ಹೇಳಿದ. ಆ ದಿನ ಮೈದಾನದಲ್ಲಿ ಪೊರಕೆಯ ಮಾತು ಆಡಬಾರದಾಗಿತ್ತು, ತಪ್ಪಾಯಿತು ಎಂದ. ನೀನು ಎನ್ನದೆ ನೀವು ಎಂದ.

ಕೆಂಪಾಜಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಪೊರಕೆ ಹಿಡಿಯೋದನ್ನೂ ನಾನು ಕಲಿತೇ ಹಿಡಿದದ್ದು ಸಾರ್," ಎಂದಳು. "ನಮ್ಮತ್ತೆ ಕಲಿಸಿದ್ರು. ಅವರು ಬೈಲಿಲ್ಲ."

ಅಷ್ಟು ಹೇಳಿ, ಇನ್ನೊಂದು ಸಲ ಹತ್ತಿಸುತ್ತೇನೆ ಎಂದು ಕಾರನ್ನು ಮತ್ತೆ ಕೆಳಗಿಳಿಸಿದಳು.

ದಸರೆ ಹತ್ತಿರ ಬಂತು. ಎರಡನೆಯ ಪರೀಕ್ಷೆಗೆ ಗುರುಗಳೂ ಹೊರಟು ಬಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಮೈದಾನದಲ್ಲಿ ನೆರಳಿಲ್ಲ ಎಂದೂ, ಕುಡಿಯುವ ನೀರು ಬಿಸಿಯಾಗಿದೆ ಎಂದೂ ಗೊಣಗುತ್ತ ಹಗ್ಗದಾಚೆ ಕಾಂತರಾಜುವಿನ ಜೊತೆ ನಿಂತರು.

ಇನ್‌ಸ್ಪೆಕ್ಟರಮ್ಮ ಹಿಂದಿನ ಸೀಟಿಗೆ ಹತ್ತಿದರು. ಪಕ್ಕದ ಸೀಟು ಖಾಲಿ ಇತ್ತು.

ಕೆಂಪಾಜಮ್ಮ ಎಂಟರ ಆಕಾರದ ದಾರಿಯನ್ನು ನಿಧಾನವಾಗಿ ಸುತ್ತಿದಳು. ರಿವರ್ಸಿನಲ್ಲಿ ಒಮ್ಮೆ ನಿಂತು, ಕತ್ತು ತಿರುಗಿಸಿ ನೋಡಿ, ಮತ್ತೆ ಹೋದಳು. ಏರಿನ ನಡುವೆ ಕಾರು ನಿಲ್ಲಿಸಿದಳು.

ಕಾಂತರಾಜುವಿನ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಬಿಗಿಯಿತು.

ಅವಳು ಕಾಲು ಸಡಿಲಿಸಿದಳು. ಎಂಜಿನು ಆಫ್ ಆಯಿತು.

ಕಾಯುತ್ತಿದ್ದವರಲ್ಲಿ ಯಾರೋ ನಕ್ಕರು. ಕಾಂತರಾಜು ಕಣ್ಣು ಮುಚ್ಚಿಕೊಂಡ. ಹಗ್ಗ ಹಾರಿ ಓಡಿಹೋಗಿ ಪಕ್ಕದ ಸೀಟಿನಲ್ಲಿ ಕೂತುಬಿಡಬೇಕು ಎನಿಸಿತು. ಅವನು ಎರಡೂ ಕೈಯಲ್ಲಿ ಹಗ್ಗವನ್ನು ಹಿಡಿದುಕೊಂಡ.

ಕಾರಿನೊಳಗೆ ಕೆಂಪಾಜಮ್ಮ ಈ ಕಡೆ ನೋಡಲಿಲ್ಲ. ಹ್ಯಾಂಡ್ ಬ್ರೇಕು ಎಳೆದಳು. ಎಂಜಿನು ಮತ್ತೆ ಶುರುಮಾಡಿದಳು. ಒಂದು ಕ್ಷಣ ಏನನ್ನೋ ಕೇಳಿಸಿಕೊಳ್ಳುವವಳಂತೆ ತಲೆ ಓರೆ ಮಾಡಿದಳು. ಕಾರು ಮೈ ನಡುಗಿಸಿತು, ನಿಂತಲ್ಲೇ ತೂಗಿತು, ಏರು ಹತ್ತಿ ಆಚೆ ಇಳಿಯಿತು.

ಅವಳು ಪಾಸಾದಳು. ಕಾರು ಆಫ್ ಆಗುವುದು ಯಾರಿಗಾದರೂ ಆಗುತ್ತದೆ, ಆದಾಗ ಏನು ಮಾಡಬೇಕೆಂದು ಇವಳಿಗೆ ಗೊತ್ತಿದೆ ಎಂದು ಇನ್‌ಸ್ಪೆಕ್ಟರಮ್ಮ ಹೇಳಿದರಂತೆ. ಅವರು ಅಂದು ಯಾರೊಡನೆಯೂ ಆಡಿದ ಅತಿ ಉದ್ದದ ಮಾತು ಅದೇ.

ಪಂಚಾಯಿತಿಯವರು ಮಾತು ಉಳಿಸಿಕೊಂಡರು. ಗಾಡಿ ಅವಳ ಕೈಗೆ ಬಂತು. ಭುಜದ ನೋವು ಪೂರ್ತಿ ಹೋಗಲಿಲ್ಲ, ಆದರೆ ತಲೆ ಬಾಚಿಕೊಳ್ಳುವಷ್ಟು ಕೈ ಮೇಲೇಳತೊಡಗಿತು. ಅವಳ ಊರಿನ ಇನ್ನಿಬ್ಬರು ಹೆಂಗಸರು ಆಮೇಲೆ ಬಯಲಿಗೆ ಬಂದರು.

ಆದರೆ ಕಾಂತರಾಜು ತನ್ನ ಶಿಷ್ಯರಿಗೆ ಹೇಳುತ್ತಿದ್ದುದು ಇದನ್ನಲ್ಲ, ಪರೀಕ್ಷೆಯ ದಿನ ಸಂಜೆ ಪಟ್ಟಣದಿಂದ ಹಿಂದಿರುಗಿದ್ದನ್ನು.

ಕೆಂಪಾಜಮ್ಮನೇ ಓಡಿಸಿದಳು. ಕಾಂತರಾಜು ಪಕ್ಕದಲ್ಲಿ ಕೂತಿದ್ದ. ಗುರುಗಳು ಹಿಂದೆ ಕೂತಿದ್ದರು. ಪಟ್ಟಣ ದಾಟುವವರೆಗೆ ರಸ್ತೆಯ ಮೇಲೆ ಕಂಡವರಿಗೆಲ್ಲ ಬೈದವರು, ಪಟ್ಟಣ ದಾಟಿದ ಮೇಲೆ ಮೌನವಾದರು.

ಹೊಳೆಯ ಸೇತುವೆ ಬಂತು. ಅದು ಹಳೆಯದು, ಇಕ್ಕಟ್ಟಿನದು. ನಡುವೆ ಹೋಗುವಷ್ಟರಲ್ಲಿ ಆ ತುದಿಯಿಂದ ಕಬ್ಬು ಹೇರಿದ ಲಾರಿಯೊಂದು ಓಲಾಡುತ್ತ ಬಂತು. ಕಬ್ಬು ಎರಡೂ ಕಡೆ ಹೊರಗೆ ಚಾಚಿತ್ತು. ಎಡಗಡೆ ಸೇತುವೆಯ ಗೋಡೆ ಮೊಣಕಾಲಿನಷ್ಟು ಎತ್ತರ, ಅದರಾಚೆ ನೀರು.

ಕೆಂಪಾಜಮ್ಮ ವೇಗ ತಗ್ಗಿಸಿ ಎಡಕ್ಕೆ ಸರಿದಳು. ಇನ್ನೂ ಸರಿದಳು.

ಕಾಂತರಾಜು ಕಾಲು ಮಡಚಿಕೊಂಡೇ ಕೂತಿದ್ದ. ಎರಡೂ ಕೈಯಲ್ಲಿ ತನ್ನ ಪಾದಗಳನ್ನು ಹಿಡಿದುಕೊಂಡ. ಸಹಾಯಕ್ಕೆಂಬಂತೆ ತಿರುಗಿ ಹಿಂದೆ ನೋಡಿದ.

ಗುರುಗಳು ನೆಟ್ಟಗೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅಷ್ಟು ಶಾಂತವಾದ ಮುಖವನ್ನು ಅವನು ಅವರಲ್ಲಿ ಎಂದೂ ಕಂಡಿರಲಿಲ್ಲ.

ಲಾರಿ ಪಕ್ಕಕ್ಕೆ ಬಂತು. ಕಬ್ಬಿನ ಸೋಗೆ ಕಾರಿನ ಮೈಯನ್ನು ಉದ್ದಕ್ಕೂ ಸವರಿಕೊಂಡು ಹೋಯಿತು.

"ಅಯ್ಯನವರೇ," ಎಂದು ಕಾಂತರಾಜು ಪಿಸುಗುಟ್ಟಿದ, "ಇಂಥ ಹೊತ್ತಿನಲ್ಲೂ ಧ್ಯಾನ ಹೇಗೆ ಮಾಡುತ್ತೀರಿ?"

"ಧ್ಯಾನ ಅಲ್ಲ ಕಣೋ, ಹೆದರಿಕೆ," ಎಂದರು ಗುರುಗಳು, ಕಣ್ಣು ತೆರೆಯದೆ. "ನನ್ನದು ನನ್ನ ಹತ್ತಿರ ಇರಲಿ, ನಿನ್ನದು ನಿನ್ನ ಹತ್ತಿರ ಇರಲಿ. ಅವಳು ಓಡಿಸಲಿ."